ಬಾವಿಯಲ್ಲಿ ತಣಿದ ವೈನು, ಮದ್ದೂರಿನ ಕೋಳಿ ಸಾರು

ಹೊಸದಾಗಿ ಹೋಟೆಲ್ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಬಂದವರೆಲ್ಲ ಕೇಳುವುದು, ದುಬಾರಿ ವೈನನ್ನು ಗುರುತಿಸುವುದು ಹೇಗೆ ಎಂದು. ನನಗೆ ಅದು ಅಷ್ಟಾಗಿ ಗೊತ್ತಿಲ್ಲ. ದುಬಾರಿ ವೈನನ್ನು ಜನ ಅದರ ಹೆಸರು ನೋಡಿಯೇ ಮೆಚ್ಚಿಕೊಂಡುಬಿಟ್ಟಿರುತ್ತಾರೆ. ಸುರಿಯುವವನ ಕೈ ನಡುಗದಿದ್ದರೆ ಸಾಕು. ನಾನು ಕೆಲಸ ಕಲಿತದ್ದು ಅಗ್ಗದ ವೈನಿನಲ್ಲಿ. ಅದರಲ್ಲೂ ರೀಸ್ಲಿಂಗ್ ಎಂಬ ಜಾತಿಯ ಬಿಳಿ ದ್ರಾಕ್ಷಿಯಿಂದ ಮಾಡಿದ, ತುಸುವೇ ಸಿಹಿ ಉಳಿಸಿಕೊಂಡ ವೈನಿನಲ್ಲಿ. ಕಲಿತ ಜಾಗ ಮದ್ದೂರು. ಆಮೇಲೆ ನಾನು ಯಾವ ಯಾವ ಹೋಟೆಲಿಗೆ ಹೋದೆ, ಯಾವಾಗ ಮೇಲಿನವನಾದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಮದ್ದೂರಿನ ಆ ಕೆಲವು ವರ್ಷ ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ನನ್ನ ಊರು ಯಲಿಯೂರು. ಮಂಡ್ಯದಲ್ಲಿ ಮಿಡ್ಲ್ ಸ್ಕೂಲು ಮುಗಿಸಿ, ಕೆಲವು ವರ್ಷ ಅಪ್ಪನ ಜೊತೆ ಗದ್ದೆ ಮಾಡಿ, ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಮದ್ದೂರಿಗೆ ಹೋದೆ. ಮಳವಳ್ಳಿಗೆ ತಿರುಗುವ ರಸ್ತೆಯ ಬದಿಯಲ್ಲಿ, ಶಿಂಷಾ ಹೊಳೆಗೆ ಸ್ವಲ್ಪ ಈಚೆ, ಹೆಂಚು ಹೊದಿಸಿದ ಒಂದು ಬಂಗಲೆಯಿತ್ತು. ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಹೋಗುವವರು, ಮಳವಳ್ಳಿಯ ಮೇಲೆ ಶಿವನಸಮುದ್ರದ ಜಲಪಾತ ನೋಡಲು ಹೊರಟವರು ಅಲ್ಲಿ ಇಳಿದು ಊಟ ಮಾಡುತ್ತಿದ್ದರು. ಬೇಕಾದವರಿಗೆ ಉಳಿಯಲು ಕೋಣೆಗಳೂ ಇದ್ದವು. ನನ್ನನ್ನು ಮೇಜಿನ ಕೆಲಸಕ್ಕೆ ತೆಗೆದುಕೊಂಡರು.

ಬಂಗಲೆಯ ಯಜಮಾನಿ ಹೆಲೆನ್ ಎಂಬ ಇಂಗ್ಲಿಷ್ ವಿಧವೆ. ಊರವರ ಬಾಯಲ್ಲಿ ಅವರು ಎಲೆನಮ್ಮ. ಗಂಡ ಇದ್ದಾಗ ನಾಲೆ ಕೆಲಸದಲ್ಲಿ ಇಂಜಿನಿಯರು. ಅವರ ಹಿಂದೆ ಡೇರೆಯಿಂದ ಡೇರೆಗೆ ಅಲೆದ ಎಲೆನಮ್ಮ ಕನ್ನಡ ಕಲಿತದ್ದು ಮಣ್ಣು ಹೊರುವ ಆಳುಗಳಿಂದ. ಹೀಗಾಗಿ ತಲೆಗೆ ಹ್ಯಾಟು, ಕಾಲಿಗೆ ಬೂಟ್ಸು ಹಾಕಿದ ಆ ಹೆಂಗಸು ಬಾಯಿ ತೆರೆದರೆ ನಮ್ಮೂರ ಗದ್ದೆ ಬಯಲಿನ ಮಾತೇ ಹೊರಗೆ ಬರುತ್ತಿತ್ತು. ಮೊದಲ ದಿನ ನಾನು ಬಲು ವಿನಯದಿಂದ ಕೈಮುಗಿದು ನಿಂತರೆ, "ಮೊದ್ಲು ಕೈ ತೊಳ್ಕಂಡ್ ಬಾ ಓಗ್ಲಾ, ಆಮೇಕೆ ಮಾತಾಡಾನ" ಎಂದರು. ನನಗೆ ನಮ್ಮ ಅತ್ತೆಯೇ ಗೌನು ಹಾಕಿಕೊಂಡು ನಿಂತ ಹಾಗಾಯಿತು.

ನನ್ನ ಮೇಲಿದ್ದವನು ಆರೋಗ್ಯಂ. ಬೆಂಗಳೂರು ದಂಡಿನ ಕಡೆಯವನು, ವಯಸ್ಸಾದವನು. ಅಡಿಗೆಯೂ ಅವನದೇ, ಬಟ್ಲರ್ ಕೆಲಸವೂ ಅವನದೇ. ಸೂಪು, ಕಟ್ಲೆಟ್ಟು, ಹುರಿದ ಕೋಳಿ, ಕ್ಯಾರಮೆಲ್ ಕಸ್ಟರ್ಡು, ಇವು ಅವನ ಕೈಯ ವಿದ್ಯೆ. ವೈನಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಎರಡೇ: ಕೆಂಪಾದರೆ ಹಾಗೇ ಕೊಡು, ಬಿಳಿಯಾದರೆ ಐಸಿನಲ್ಲಿಡು. ನಾನೂ ಅಷ್ಟೇ ಕಲಿತು, ಆಯಿತು ಎಂದುಕೊಂಡಿದ್ದೆ.

ಯುದ್ಧ ಶುರುವಾಯಿತು. ಬೆಂಗಳೂರಿನ ದೊರೆಗಳೆಲ್ಲ ಜರ್ಮನಿಯ ವೈನು ಮುಟ್ಟುವುದಿಲ್ಲ ಎಂದರು. ಅಲ್ಲಿನ ಒಬ್ಬ ವೈನು ವ್ಯಾಪಾರಿಯ ಉಗ್ರಾಣದಲ್ಲಿ ಯುದ್ಧಕ್ಕೆ ಮೊದಲೇ ಬಂದಿದ್ದ ಜರ್ಮನಿಯ ರೀಸ್ಲಿಂಗ್ ರಾಶಿ ಬಿದ್ದಿತ್ತು. ಮೊದಲೂ ಅದು ಅಂಥ ದುಬಾರಿ ಮಾಲೇನಲ್ಲ, ಈಗಂತೂ ಕೇಳುವವರಿಲ್ಲ. ಎಲೆನಮ್ಮ ಹೋಗಿ ಅದನ್ನೆಲ್ಲ ಹೆಚ್ಚುಕಡಿಮೆ ಸೋಡಾ ಬೆಲೆಗೆ ಕೊಂಡುಬಿಟ್ಟರು. ಮದ್ದೂರು ಸ್ಟೇಷನ್ನಿನಿಂದ ಎತ್ತಿನ ಗಾಡಿಗಳಲ್ಲಿ ಮರದ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬಂದು, ಹಿಂದಿನ ಕೋಣೆ ತುಂಬಿ, ಊಟದ ಹಾಲಿನ ಗೋಡೆಗೂ ಒತ್ತಿ ನಿಂತವು. ಆರೋಗ್ಯಂ ಶಿಲುಬೆಯ ಗುರುತು ಮಾಡಿಕೊಂಡ.

ಎಲೆನಮ್ಮನಿಗೆ ಆ ಮಾಲು ಗೊತ್ತಿತ್ತು. ಅವರ ಅಪ್ಪ ಇಂಗ್ಲೆಂಡಿನ ಒಂದು ಬಂದರಿನಲ್ಲಿ ಸಣ್ಣ ವೈನಿನ ಅಂಗಡಿ ಇಟ್ಟಿದ್ದವರು. ಹಡಗಿನ ಕೆಲಸಗಾರರು, ಬಡ ಮೇಷ್ಟರುಗಳು ಅವರ ಗಿರಾಕಿಗಳು. ಸಂಬಳದ ದಿನ ಅವರೆಲ್ಲ ಕೊಳ್ಳುತ್ತಿದ್ದದ್ದು ಇದೇ ತುಸು ಸಿಹಿಯ ರೀಸ್ಲಿಂಗ್ ಅಂತೆ. ಬಡವರ ಮೇಜಿನ ಮೇಲೆ ಇಷ್ಟು ಸಂತೋಷ ತರುವ ವೈನು ಇನ್ನೊಂದಿಲ್ಲ ಎಂದು ಅವರು ಹೇಳುತ್ತಿದ್ದರು. ಆದರೆ ನಮ್ಮ ಮೇಜಿಗೆ ಬರುವವರು ಬಾಟಲಿಯ ಮೇಲಿನ ಜರ್ಮನ್ ಅಕ್ಷರ ಕಂಡ ಕೂಡಲೇ ಮುಖ ತಿರುಗಿಸಿ ವಿಸ್ಕಿ ಕೇಳುತ್ತಿದ್ದರು.

ಅಷ್ಟರಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಐಸು ಬೆಂಗಳೂರಿನಿಂದ ರೈಲಿನಲ್ಲಿ, ಮರದ ಹೊಟ್ಟು ಮೆತ್ತಿದ ಗೋಣಿಚೀಲದಲ್ಲಿ ಬರುತ್ತಿತ್ತು. ಬರುವಷ್ಟರಲ್ಲಿ ಅರ್ಧ ನೀರು. ಒಂದು ಬೇಸಿಗೆಯಲ್ಲಿ ಅದೂ ತಪ್ಪಿತು. ಹಿತ್ತಲಿನ ಬಾವಿಯ ನೀರು ಯಾವ ಕಾಲಕ್ಕೂ ತಣ್ಣಗಿರುತ್ತಿತ್ತು. ಬಿದಿರು ಬುಟ್ಟಿಗಳಲ್ಲಿ ಬಾಟಲಿಗಳನ್ನು ತುಂಬಿ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟೆ. ಹೇಗೂ ಖರ್ಚಾಗದ ಮಾಲು ಎಂದು ಧಾರಾಳವಾಗಿಯೇ ಇಳಿಬಿಟ್ಟೆ. ಕೆಲವು ದಿನದ ಮೇಲೆ ಮೇಲೆಳೆದರೆ ಬಾಟಲಿಗಳೆಲ್ಲ ಬತ್ತಲೆ. ಲೇಬಲ್ಲುಗಳು ನೆನೆದು ಬಿಟ್ಟುಕೊಂಡು ಬಾವಿ ನೀರಿನ ಮೇಲೆ ಎಲೆಗಳ ಹಾಗೆ ತೇಲುತ್ತಿದ್ದವು.

ಆರೋಗ್ಯಂ ಬಂದು ಬಾವಿ ಬಗ್ಗಿ ನೋಡಿದ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದರೆ ಅವನ ಮುಖ ಅರಳಿತು. ಇನ್ನು ಇದನ್ನು ಫ್ರಾನ್ಸಿನದು ಅಂತ ಕೊಟ್ಟುಬಿಡೋಣ, ಯಾವ ದೊರೆಗೂ ಗೊತ್ತಾಗುವುದಿಲ್ಲ ಎಂದ. ಎಲೆನಮ್ಮ ಅದಕ್ಕೆ ಒಪ್ಪಲಿಲ್ಲ. ನಮ್ಮ ಮೂರೂ ಜನಕ್ಕೆ ಒಂದು ಕಟ್ಟಳೆ ಮಾಡಿದರು. "ಕೇಳ್ದೋರ್ಗೆ ನಿಜ ಏಳ್ಬೇಕು. ಕೇಳ್ದೆ ಇದ್ರೆ ಬಾಯ್ ಮುಚ್ಕಂಡಿರ್ಬೇಕು. ಸುಳ್ ಮಾತ್ರ ಏಳ್ಬ್ಯಾಡಿ ಕಣ್ರಲಾ."

ಆದರೆ ಇನ್ನೊಂದು ತೊಡಕಿತ್ತು. ಆ ಪೆಟ್ಟಿಗೆಗಳಲ್ಲಿ ಇದ್ದದ್ದು ಒಂದೇ ರೀತಿಯ ವೈನಲ್ಲ. ಕಂದು ಬಾಟಲಿಯದು ಒಂದು ನದಿಯ ದಂಡೆಯದು, ಹಸಿರು ಬಾಟಲಿಯದು ಇನ್ನೊಂದು ನದಿಯದು. ಅಷ್ಟು ಕಣ್ಣಿಗೆ ಕಾಣುತ್ತಿತ್ತು. ಅದರೊಳಗೆ ಬಲು ಹುಳಿಯದು, ತುಸು ಸಿಹಿಯದು, ಪಾಯಸದಷ್ಟು ಸಿಹಿಯದು ಎಂದು ಬೇರೆ ಬೇರೆ. ಅದನ್ನು ಹೇಳುತ್ತಿದ್ದದ್ದು ಲೇಬಲ್ಲು. ಈಗ ಮುಚ್ಚಳ ತೆಗೆದು ರುಚಿ ನೋಡದೆ ಯಾವುದು ಯಾವುದೆಂದು ತಿಳಿಯುವಂತಿಲ್ಲ. ಆರೋಗ್ಯಂನ ನಾಲಿಗೆ ಎಲೆ ಅಡಿಕೆ, ಹೊಗೆಸೊಪ್ಪಿಗೆ ಒಗ್ಗಿಹೋಗಿತ್ತು. ಹೀಗೆ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಗಿನ ಹೊತ್ತು, ಒಗ್ಗರಣೆ ವಾಸನೆ ಏಳುವ ಮೊದಲು, ಹಿತ್ತಲಿನ ಜಗಲಿಯ ಮೇಲೆ ಪಾಠ. ಮೊದಲ ದಿನ ಎಲೆನಮ್ಮ ಗ್ಲಾಸಿಗೆ ಸ್ವಲ್ಪವೇ ಸುರಿದು, ಅಲ್ಲಾಡಿಸಿ, ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಉಸಿರೆಳೆಯಲು ಹೇಳಿದರು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಎಲ್ಲ ಕಡೆ ಓಡಾಡಿಸಬೇಕು. ನಾನು ನುಂಗಲು ಹೋದಾಗ ಗದರಿದರು: "ಕುಡೀಬ್ಯಾಡ ಕಣ್ಲಾ, ಉಗಿ. ಕುಡುದ್ರೆ ಮುಂದಿನ್ ಬಾಟ್ಲಿ ಗೊತ್ತಾಗಾಕಿಲ್ಲ." ಏನು ವಾಸನೆ ಬಂತು ಎಂದು ಕೇಳಿದರು. ಹಿಂದೆ ಅವರ ಬಾಯಲ್ಲೇ ಕೇಳಿದ್ದ ಮಾತನ್ನು ಒಪ್ಪಿಸಿದೆ: ಪೀಚ್ ಹಣ್ಣು, ಏಪ್ರಿಕಾಟ್. ಪೀಚ್ ಹಣ್ಣು ಯಾವತ್ತಾದರೂ ನೋಡಿದ್ದೀಯಾ ಎಂದರು. ಇಲ್ಲ ಎಂದೆ. ಹಾಗಾದರೆ ನಿನ್ನ ಮೂಗು ಕಂಡದ್ದನ್ನು ಹೇಳು, ನನ್ನದನ್ನು ಹೇಳಬೇಡ ಎಂದರು.

ಕಣ್ಣು ಮುಚ್ಚಿ ಮತ್ತೆ ಮೂಸಿದೆ. ಥಟ್ಟನೆ ನಮ್ಮ ಅಜ್ಜಿಯ ಹಿತ್ತಲು ನೆನಪಿಗೆ ಬಂತು. ಅಲ್ಲಿದ್ದ ಪನ್ನೇರಳೆ ಮರ. ಅದರ ಹಣ್ಣು ಕಚ್ಚಿದರೆ ಗುಲಾಬಿ ನೀರು ಚಿಮುಕಿಸಿದ ಹಾಗೆ ಬಾಯೆಲ್ಲ ಘಮ್ಮೆನ್ನುತ್ತಿತ್ತು. ಅದೇ ಘಮ ಗ್ಲಾಸಿನಲ್ಲಿತ್ತು. ಹೇಳಿದೆ. ಎಲೆನಮ್ಮ ಪನ್ನೇರಳೆ ತಿಂದವರಲ್ಲ. ಆ ವರ್ಷ ಹಣ್ಣಿನ ಕಾಲದಲ್ಲಿ ಯಲಿಯೂರಿನಿಂದ ಒಂದು ಬುಟ್ಟಿ ತಂದುಕೊಟ್ಟೆ. ಒಂದು ಕಚ್ಚಿ, ಒಂದು ಗುಟುಕು ವೈನು ಬಾಯಿಗೆ ಹಾಕಿಕೊಂಡು, ಅವರು ಜಗಲಿಯ ಮೇಲೆ ಕೂತಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟರು. ಅಷ್ಟು ವರ್ಷ ನಮ್ಮ ಅಪ್ಪನ ಅಂಗಡಿಯಲ್ಲಿ ಈ ವಾಸನೆಗೆ ಹೆಸರಿಲ್ಲದೆ ಒದ್ದಾಡಿದ್ದೆವು ಎಂದರು.

ಆಮೇಲೆ ನನ್ನ ಕಲಿಕೆ ಓಡಿತು. ಹಸಿರು ಬಾಟಲಿಯಲ್ಲಿ ಹೇರಳೆಕಾಯಿ ಸಿಪ್ಪೆ, ಆಗ ತಾನೇ ಬಿಡಿಸಿದ ಚಕ್ಕೋತ. ಕಂದು ಬಾಟಲಿಯಲ್ಲಿ ಮಾಗಿದ ಸೀಬೆ, ಜೇನುಮೇಣ. ಸಿಹಿಯ ಲೆಕ್ಕವೂ ಸಿಕ್ಕಿತು. ಬರೀ ಸಿಹಿಯಾದರೆ ಎರಡನೆಯ ಗುಟುಕಿಗೆ ಮುಖ ಕಟ್ಟುತ್ತದೆ. ಒಳ್ಳೆಯ ರೀಸ್ಲಿಂಗಿನಲ್ಲಿ ಹುಳಿ ಬೆನ್ನಿಗೇ ಇರುತ್ತದೆ. ಸಿಹಿ ಬಂತು ಎನ್ನುವಷ್ಟರಲ್ಲಿ ಹುಳಿ ಅದನ್ನು ಒರೆಸಿ ಬಾಯಿಯನ್ನು ಹಸನು ಮಾಡಿ, ಇನ್ನೊಂದು ಗುಟುಕಿಗೆ ಜಾಗ ಮಾಡಿಕೊಡುತ್ತದೆ. ಅತಿಯಾಗಿ ತಣ್ಣಗಾದರೆ ವಾಸನೆ ಮಲಗಿಬಿಡುತ್ತದೆ ಎಂಬುದನ್ನೂ ಆಗಲೇ ಕಂಡುಕೊಂಡೆ. ಐಸಿಗಿಂತ ನಮ್ಮ ಬಾವಿಯೇ ಅದಕ್ಕೆ ಹೇಳಿ ಮಾಡಿಸಿದ್ದು. ಈಗಿನ ಹುಡುಗರು ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯುತ್ತಾರೆ. ಹೊರಗಿಟ್ಟು ಸ್ವಲ್ಪ ಕಾಯಿರಪ್ಪ ಎಂದು ನಾನು ಹೇಳುವುದು ಇದಕ್ಕೇ.

ಕಲಿಯುವಾಗ ನಗೆಪಾಟಲಾದದ್ದೂ ಉಂಟು. ಪೆಟ್ಟಿಗೆಗಳಲ್ಲಿ ಕೆಲವು ಬಲು ಹಳೆಯ ಬಾಟಲಿಗಳಿದ್ದವು. ಅಂಥದ್ದೊಂದನ್ನು ತೆಗೆದು ಮೂಸಿದರೆ ಸೀಮೆಎಣ್ಣೆ ವಾಸನೆ. ರೈಲಿನಲ್ಲಿ ಸೀಮೆಎಣ್ಣೆ ಡಬ್ಬದ ಪಕ್ಕ ಇಟ್ಟಿರಬೇಕು ಎಂದು ಆರೋಗ್ಯಂ, ಲಾಂದ್ರಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ನೀನು ಮುಟ್ಟಿದ್ದೀಯ ಎಂದು ನಾನು, ಇಬ್ಬರೂ ಜಗಳಾಡಿ, ಆ ಪೆಟ್ಟಿಗೆಯನ್ನೇ ತಿಪ್ಪೆಗೆ ಹೊತ್ತುಕೊಂಡು ಹೊರಟಿದ್ದೆವು. ಎಲೆನಮ್ಮ ಓಡಿ ಬಂದು ತಡೆದರು. ರೀಸ್ಲಿಂಗಿಗೆ ವಯಸ್ಸಾದರೆ ಆ ವಾಸನೆ ಬರುತ್ತದೆ, ಬಲ್ಲವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ ಎಂದರು. ಇನ್ನೊಂದು ಸಲ ಬಾಟಲಿಯ ತಳದಲ್ಲಿ ಹರಳುಗಳು ಮಿನುಗಿದವು. ಗಾಜಿನ ಚೂರೆಂದು ಹೆದರಿ, ಊಟಕ್ಕೆ ಕೂತಿದ್ದ ಗಂಡ ಹೆಂಡಿರ ಕೈಯಿಂದಲೇ ಗ್ಲಾಸುಗಳನ್ನು ಕಿತ್ತುಕೊಂಡೆ. ಅದೂ ಹುಳಿ ತಾನೇ ಹರಳುಗಟ್ಟಿದ್ದು, ಏನೂ ಕೇಡಿಲ್ಲ ಎಂದು ಆಮೇಲೆ ತಿಳಿಯಿತು. ಕೈಯಲ್ಲಿದ್ದ ಗ್ಲಾಸು ಹೋದ ಆ ದಂಪತಿಗಳಿಗೆ ಎಲೆನಮ್ಮ ತಾವೇ ಹೋಗಿ ಸಮಾಧಾನ ಹೇಳಬೇಕಾಯಿತು.

ಇಷ್ಟೆಲ್ಲ ಕಲಿತರೂ ಮಾಲು ಖರ್ಚಾಗಲಿಲ್ಲ. ಪೆಟ್ರೋಲು ಪಡಿತರಕ್ಕೆ ಬಂದು ಕಾರುಗಳು ಕಡಿಮೆಯಾದವು. ಬೆಣ್ಣೆ, ಡಬ್ಬದ ಸಾಮಾನು ಸಿಗದೆ ಆರೋಗ್ಯಂನ ಅಡಿಗೆ ದಿನದಿನಕ್ಕೆ ಬಡವಾಯಿತು. ಮಳೆಗಾಲದ ತನಕ ನೋಡುತ್ತೇನೆ, ಆಮೇಲೆ ಬಾಗಿಲು ಹಾಕಿ ಊಟಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಎಂದು ಎಲೆನಮ್ಮ ಒಂದು ದಿನ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ನನಗೆ ಆ ಕೆಲಸ ಬಿಟ್ಟು ಗದ್ದೆಗೆ ಹಿಂತಿರುಗುವ ಮನಸ್ಸು ಚೂರೂ ಇರಲಿಲ್ಲ.

ನನ್ನ ಮದುವೆಯ ಮಾತು ಬಂದದ್ದು ಇದೇ ಹೊತ್ತಿಗೆ. ಹುಡುಗಿ ನಮ್ಮ ಮಂಡ್ಯ ಸೀಮೆಯ ದುದ್ದ ಎಂಬ ಊರಿನವಳು, ಹೆಸರು ಸಾಕಮ್ಮ. ಅಪ್ಪ ನಿಂಗೇಗೌಡರು ಕಬ್ಬು ಬೆಳೆದು ತಮ್ಮದೇ ಆಲೆಮನೆ ಇಟ್ಟಿದ್ದ ಗಟ್ಟಿ ಕುಳ. ಎಲ್ಲ ಒಪ್ಪಿಗೆಯಾಗಿದ್ದಾಗ ಯಾರೋ ಅವರ ಕಿವಿಗೆ ಹಾಕಿದರು: ಹುಡುಗನ ಕೆಲಸವೇ ಬೆಳಗೆದ್ದು ಹೆಂಡ ಕುಡಿಯುವುದು. ಗೌಡರು ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಮದ್ದೂರಿಗೆ ಬಂದುಬಿಟ್ಟರು. ಹಿತ್ತಲ ಕಡೆಯಿಂದ ಬಂದವರಿಗೆ ಕಂಡದ್ದು, ಗ್ಲಾಸುಗಳ ಸಾಲಿನ ಮುಂದೆ ಕೂತು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ ನಾನು.

ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು ಎದ್ದು ನಿಂತೆ. ಗೌಡರು ಗ್ಲಾಸುಗಳ ಸಾಲನ್ನೂ ನಾನು ಉಗುಳಿದ ಜಾಗವನ್ನೂ ನೋಡಿದರು.

"ಅಲ್ಲ ಕಣಪ್ಪ, ಕಾಸ್ ಕೊಟ್ಟು ತಂದದ್ದ ಬಾಯ್ಗಾಕ್ಕಂಡು ಉಗೀತೀಯಲ್ಲ, ಇದ್ಯಾವ ಬಾಳು?" ಎಂದರು.

ಎಲೆನಮ್ಮ ಒಳಗಿನಿಂದ ಬಂದು, ಗೌಡರಿಗೆ ನಮಸ್ಕಾರ ಹೇಳಿ, ಮಣೆ ಹಾಕಿಸಿ ಕೂರಿಸಿದರು. ಕುಡುಕನಿಗೆ ಈ ಕೆಲಸ ಕೊಡಲು ಆಗುವುದಿಲ್ಲ ಎಂದು ವಿವರಿಸಿದರು. ಬಿಳಿ ಹೆಂಗಸಿನ ಬಾಯಲ್ಲಿ ದುದ್ದದ ಮಾತು ಕೇಳಿ ಗೌಡರಿಗೆ ಅರ್ಧ ಕೋಪ ಅಲ್ಲೇ ಇಳಿಯಿತು. ನೀವು ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ಪಾಕ ಬಂತೇ ಎಂದು ನೋಡುವುದು ಹೇಗೆ ಎಂದು ಎಲೆನಮ್ಮ ಕೇಳಿದರು. ವಾಸನೆ ಹಿಡಿದು, ಆಮೇಲೆ ಒಂದು ಹನಿ ನೀರಿಗೆ ಬಿಟ್ಟು, ನಾಲಿಗೆಯ ತುದಿಗೆ ಮುಟ್ಟಿಸಿ ಎಂದರು ಗೌಡರು. ಹಾಗೆ ಮಾಡುವಾಗ ಕೊಪ್ಪರಿಗೆಯನ್ನೇ ತಿಂದುಬಿಡುತ್ತೀರಾ ಎಂದರು ಇವರು. ಗೌಡರು ನಗಲಿಲ್ಲ, ಆದರೆ ಮೀಸೆ ಅಲುಗಿತು. ನಾನು ಧೈರ್ಯ ಮಾಡಿ ಒಂದು ಗ್ಲಾಸನ್ನು ಅವರ ಮುಂದೆ ಹಿಡಿದು, ಕುಡಿಯುವುದು ಬೇಡ, ಮೂಸಿ ನೋಡಿ ಎಂದೆ.

ಗೌಡರು ಹಿಂದೆ ಮುಂದೆ ನೋಡಿ, ಮೂಗನ್ನು ಗ್ಲಾಸಿನೊಳಕ್ಕೆ ಇಳಿಸಿದರು. ಬಹಳ ಹೊತ್ತು ಎತ್ತಲೇ ಇಲ್ಲ.

"ಏರಳೆಕಾಯಿ ಐತೆ," ಎಂದರು. "ಅದ್ರಿಂದೆ ಅಸೀ ಕಬ್ಬಿನ್ ಆಲು. ನಮ್ ಆಲೆಮನೇಲಿ ಒತಾರೆ ಮೊದ್ಲು ಗಾಣ ತಿರುಗಿದಾಗ ಬತ್ತದಲ್ಲ, ಅದೇಯ."

ಅವತ್ತು ಅವರು ಮಧ್ಯಾಹ್ನದ ತನಕ ಕೂತು ಒಂದೊಂದೇ ಗ್ಲಾಸು ಮೂಸಿದರು. ನಾನು ಹಿಡಿದದ್ದು, ಅವರು ಹಿಡಿದದ್ದು ಎರಡನ್ನೂ ಹೋಲಿಸಿ ನೋಡುತ್ತಿದ್ದೆವು. ಕೆಲವು ಅವರಿಗೆ ಸಿಗುತ್ತಿದ್ದವು, ಕೆಲವು ನನಗೆ. ಹೊರಡುವಾಗ ಗಾಡಿ ಹತ್ತಿ, ಮದುವೆಗೆ ದಿನ ನೋಡಲು ಅಪ್ಪನಿಗೆ ಹೇಳು ಎಂದರು. ಮನೆಯೊಳಗೆ ಮಾತ್ರ ಬಾಟಲಿ ಬರಕೂಡದು ಎಂದು ಒಂದು ಷರತ್ತು ಹಾಕಿದರು. ಒಪ್ಪಿಕೊಂಡೆ.

ಮದುವೆಯಾಗಿ ಸಾಕಮ್ಮ ಬಂಗಲೆಯ ಹಿಂದೆ ನನಗೆ ಕೊಟ್ಟಿದ್ದ ಮನೆಗೆ ಬಂದಳು. ಬರುವಾಗ ದುದ್ದದಿಂದ ಕೋಳಿಗಳನ್ನು ತಂದಿದ್ದಳು. ಬಂಗಲೆಯ ಕೆಲಸಕ್ಕೆ ಅವಳು ಬರುತ್ತಿರಲಿಲ್ಲ. ಆದರೆ ಅವಳು ಸಾರಿಗೆ ಮಸಾಲೆ ಅರೆಯುವ ಹೊತ್ತಿಗೆ ಎಲೆನಮ್ಮ ಏನಾದರೊಂದು ನೆಪ ಮಾಡಿಕೊಂಡು ಹಿತ್ತಲಲ್ಲಿ ಸುಳಿದಾಡುತ್ತಿದ್ದರು.

ಆ ಮಳೆಗಾಲ ಆರೋಗ್ಯಂ ಮಲೇರಿಯಾ ಹಿಡಿದು ಮಲಗಿದ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಅದು ಹೊಸದಲ್ಲ. ಅವನು ಹಾಸಿಗೆ ಹಿಡಿದ ದಿನವೇ ಒಬ್ಬ ಕರ್ನಲ್ ಬಂದಿಳಿದರು. ಕೆಲಸದಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿದ್ದವರು. ಮಳವಳ್ಳಿಯ ಆಚೆ ಕಾವೇರಿಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದರು. ಹಿಂದಿನ ಯುದ್ಧದಲ್ಲಿ ಜರ್ಮನರ ಗುಂಡು ಬಿದ್ದು ಒಂದು ಕಾಲು ಎಳೆಯುತ್ತಿದ್ದರು. ಹೊಟ್ಟೆ ಹಸಿದು ಬಂದಿದ್ದರು. ನಮ್ಮ ಅಡಿಗೆಮನೆಯಲ್ಲಿ ಒಲೆಯೇ ಉರಿದಿರಲಿಲ್ಲ.

ಎಲೆನಮ್ಮ ನೇರವಾಗಿ ಸಾಕಮ್ಮನ ಒಲೆಯ ಮುಂದೆ ಹೋಗಿ ನಿಂತರು. ಅಲ್ಲಿ ಕೋಳಿ ಸಾರು ಕುದಿಯುತ್ತಿತ್ತು, ರಾಗಿ ಮುದ್ದೆ ಕಟ್ಟಿಟ್ಟಿತ್ತು.

"ನಮ್ ಸಾರು ದೊರೆಗೋಳ್ ಬಾಯ್ಗೆ ಆಗಾಕಿಲ್ಲ ಕಣಮ್ಮ, ಖಾರ ಐತೆ," ಎಂದಳು ಸಾಕಮ್ಮ.

"ಅಸಿದೋನ್ಗೆ ಆಯ್ತದೆ ಬುಡು," ಎಂದರು ಎಲೆನಮ್ಮ.

ಕರ್ನಲ್ ಮೊದಲ ತುತ್ತಿಗೆ ಕೆಂಪಾದರು. ಎರಡನೆಯದಕ್ಕೆ ಕಣ್ಣಲ್ಲಿ ನೀರು. ವಿಸ್ಕಿ ಕೇಳಿ ಕುಡಿದರು. ಉರಿಯ ಮೇಲೆ ಉರಿ ಹಾಕಿದಂತಾಗಿ ಮೇಜು ಹಿಡಿದುಕೊಂಡರು. ನೀರು ಕುಡಿದರೆ ಖಾರ ಬಾಯೆಲ್ಲ ಹರಡಿತು. ಆದರೂ ತಟ್ಟೆ ದೂರ ತಳ್ಳಲಿಲ್ಲ, ರುಚಿ ಹಿಡಿದುಬಿಟ್ಟಿತ್ತು. ನಾನು ಬಾವಿಗೆ ಓಡಿ, ಬುಟ್ಟಿ ಎಳೆದು, ಒಂದು ಹಸಿರು ಬಾಟಲಿ ತೆಗೆದು ರುಚಿ ನೋಡಿದೆ. ತುಸು ಸಿಹಿಯದೇ. ತಂದು ಸುರಿದೆ.

ಅವರು ಒಂದು ಗುಟುಕು ಕುಡಿದು ಗ್ಲಾಸಿನೊಳಗೆ ನೋಡಿದರು. ಇನ್ನೊಂದು ಗುಟುಕು. ಮುಖದ ಕೆಂಪು ನೋಡುತ್ತಿದ್ದ ಹಾಗೇ ಇಳಿಯಿತು. ಸಿಹಿ ಖಾರವನ್ನು ಸವರಿ ತಣಿಸಿತ್ತು, ಹುಳಿ ಸಾರಿನ ಜಿಡ್ಡನ್ನು ತೊಳೆದಿತ್ತು. ಇಷ್ಟು ದಿನ ಬೇಯಿಸಿದ ಮೀನು, ಸಪ್ಪೆ ಕಟ್ಲೆಟ್ಟಿನ ಜೊತೆ ಈ ವೈನನ್ನು ಕೊಡುತ್ತಿದ್ದೆವಲ್ಲ, ಅದರ ನಿಜವಾದ ಜೋಡಿ ನಮ್ಮ ಮನೆಯ ಒಲೆಯ ಮೇಲೇ ಇತ್ತು ಎಂದು ನನಗೆ ಆಗ ಹೊಳೆಯಿತು. ಕರ್ನಲ್ ಇನ್ನೊಂದು ಸಲ ಸಾರು ಕೇಳಿದರು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ನನ್ನಿಂದ ಕೇಳಿ ಕಲಿತರು. ಬಾಟಲಿ ಮುಗಿಯಿತು.

ಆಮೇಲೆ ಅವರು ಕೇಳಿದರು, ಇದು ಯಾವ ವೈನು, ಎಲ್ಲಿಯದು ಎಂದು.

ಎಲೆನಮ್ಮ ಹತ್ತಿರದಲ್ಲಿ ಇರಲಿಲ್ಲ. ಕರ್ನಲ್ ಅವರ ಕುಂಟು ಕಾಲಿನ ಕಡೆ ನನ್ನ ಕಣ್ಣು ಹೋಯಿತು. ಜರ್ಮನಿಯದು ಸಾರ್, ಯುದ್ಧಕ್ಕೆ ಮೊದಲು ಬಂದದ್ದು, ರೀಸ್ಲಿಂಗ್ ಎಂದೆ. ಕರ್ನಲ್ ಗ್ಲಾಸನ್ನು ಮೇಜಿನ ಮೇಲಿಟ್ಟರು. ಕಾಲನ್ನು ಒಮ್ಮೆ ನೀವಿಕೊಂಡರು. ಎದ್ದು, ಕಾರು ಹತ್ತಿ ಹೋದರು.

ಹಾಸಿಗೆಯಲ್ಲಿ ನಡುಗುತ್ತಿದ್ದ ಆರೋಗ್ಯಂ ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಎಲೆನಮ್ಮ ಮಾತ್ರ, ಅವರು ಕೇಳಿದರೇ ಎಂದು ವಿಚಾರಿಸಿ, ಕೇಳಿದರು ಎಂದಾಗ, ಸರಿ ಬುಡು ಎಂದಷ್ಟೇ ಹೇಳಿ ಒಳಗೆ ಹೋದರು. ಊಟಿಗೆ ಒಯ್ಯುವ ಸಾಮಾನು ಕಟ್ಟಲು ಶುರುವಾಯಿತು. ಸಾಕಮ್ಮ ಕೋಳಿಗಳನ್ನು ದುದ್ದಕ್ಕೆ ವಾಪಸು ಕಳಿಸುವ ಮಾತಾಡಿದಳು. ನಾನು ಬಾವಿಯಿಂದ ಬುಟ್ಟಿಗಳನ್ನು ಎಳೆದು ಹಾಕಿದೆ.

ಕೆಲವು ವಾರ ಕಳೆದು ಒಂದು ಭಾನುವಾರ ಕರ್ನಲ್ ಮತ್ತೆ ಬಂದರು, ಈ ಸಲ ಮೀನು ಹಿಡಿಯುವ ಮೂವರು ಗೆಳೆಯರ ಜೊತೆ. ನನ್ನನ್ನು ಪಕ್ಕಕ್ಕೆ ಕರೆದು, ಆ ಲೇಬಲ್ ಇಲ್ಲದ ವೈನು ತಾ, ಜೊತೆಗೆ ಆ ಬೆಂಕಿಯನ್ನೂ ತಾ ಎಂದು ಮೆಲ್ಲಗೆ ಹೇಳಿದರು. ಬುಟ್ಟಿಗಳು ಮತ್ತೆ ಬಾವಿಗಿಳಿದವು. ಸಾಕಮ್ಮ ಮಸಾಲೆ ಅರೆಯಲು ಕೂತಳು. ಜ್ವರ ಬಿಟ್ಟಿದ್ದ ಆರೋಗ್ಯಂ ಅವಳ ಪಕ್ಕದಲ್ಲಿ ಕೂತು ಈರುಳ್ಳಿ ಸುಲಿದ. ಅವನು ಇನ್ನೊಬ್ಬರ ಅಡಿಗೆಗೆ ಈರುಳ್ಳಿ ಸುಲಿದದ್ದನ್ನು ನಾನು ಕಂಡದ್ದು ಅದೇ ಮೊದಲು. ನಾಲ್ಕೂ ಜನ ಕಣ್ಣು ಮೂಗು ಒರೆಸಿಕೊಳ್ಳುತ್ತ, ನಗುತ್ತ, ತಿಂದರು, ಕುಡಿದರು. ಕೊನೆಗೆ ಗೆಳೆಯರಲ್ಲಿ ಒಬ್ಬರು ಗ್ಲಾಸನ್ನು ಬೆಳಕಿಗೆ ಹಿಡಿದು, ಇದು ಎಲ್ಲಿಯದು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕರ್ನಲ್ ಉತ್ತರ ಕೊಟ್ಟರು: ಮದ್ದೂರಿನದು, ಈಗ ತಾನೇ ಬಾವಿಯಿಂದ ಸೇದಿ ತಂದದ್ದು, ನಾನೇ ನೋಡಿದ್ದೇನೆ.

ಸುದ್ದಿ ತಾನಾಗಿ ಹಬ್ಬಿತು. ಪೆಟ್ರೋಲಿಲ್ಲದವರು ರೈಲಿನಲ್ಲಿ ಬಂದು ಸ್ಟೇಷನ್ನಿನಿಂದ ಜಟಕಾ ಮಾಡಿಕೊಂಡು ಬಂದರು. ಇದ್ದಿಲು ಉರಿಸಿಕೊಂಡು ಹೊಗೆ ಕಾರುತ್ತ ಬರುತ್ತಿದ್ದ ಬಸ್ಸಿನಲ್ಲೂ ಬಂದರು. ರಜೆಯ ಮೇಲಿದ್ದ ಸಿಪಾಯಿಗಳು, ಮಂಡ್ಯದ ವಕೀಲರು, ಕೊಡಗಿನ ಕಾಫಿ ತೋಟದವರು, ಎಲ್ಲರಿಗೂ ಬೇಕಾದದ್ದು ಅದೇ ಜೋಡಿ. ದೊಡ್ಡ ಹೋಟೆಲಿನಲ್ಲಿ ಒಂದು ಗ್ಲಾಸಿಗೆ ಕೊಡುವ ದುಡ್ಡಿಗೆ ಇಲ್ಲಿ ಇಬ್ಬರು ಒಂದು ಬಾಟಲಿ ಹಂಚಿಕೊಂಡು ಊಟ ಮುಗಿಸಬಹುದಿತ್ತು. ಕೇಳಿದವರಿಗೆಲ್ಲ ನಿಜವನ್ನೇ ಹೇಳಿದೆವು. ಒಬ್ಬಿಬ್ಬರು ಎದ್ದುಹೋದರು. ಉಳಿದವರು ಇನ್ನೊಂದು ಬಾಟಲಿ ಎಂದರು. ಎಲೆನಮ್ಮ ಊಟಿಯ ಪೆಟ್ಟಿಗೆಗಳನ್ನು ಬಿಚ್ಚಿದರು.

ನನಗೆ ಆ ದಿನಗಳಲ್ಲಿ ಅತ್ಯಂತ ಖುಷಿ ಕೊಡುತ್ತಿದ್ದದ್ದು, ಗ್ಲಾಸು ಎತ್ತಿ ಮೊದಲ ಗುಟುಕು ಕುಡಿಯುವವರ ಮುಖ ನೋಡುವುದು. ಹುಡುಗರೇ, ಒಂದು ಮಾತು. ಏನು ವಾಸನೆ ಬರುತ್ತದೆ ಎಂದು ಊಟಕ್ಕೆ ಕೂತವರಿಗೆ ನೀವು ಮೊದಲೇ ಹೇಳಬೇಡಿ. ಹೇಳಿದರೆ ಅವರು ನಿಮ್ಮ ಮೂಗಿನಿಂದ ಮೂಸುತ್ತಾರೆ. ಕೊಡಗಿನವರೊಬ್ಬರು ಇದರಲ್ಲಿ ಕಾಫಿ ಹೂ ಇದೆ ಎಂದರು. ಮಂಡ್ಯದ ವಕೀಲರು ತಮ್ಮ ತಾಯಿ ಮಾಡುತ್ತಿದ್ದ ನಿಂಬೆ ಶರಬತ್ತು ಎಂದು ಹೇಳಿ ಮತ್ತೆ ಮೂಸಿದರು. ಹಾಗೆಯೇ ಮೇಜಿನ ಕೆಲಸಕ್ಕೆ ಬರುವಾಗ ಅತ್ತರು ಹಚ್ಚಿಕೊಂಡು ಬರಬೇಡಿ. ವೈನು ಅಗ್ಗದ್ದೆಂದು ತಾತ್ಸಾರದಿಂದ ಸುರಿಯಬೇಡಿ. ಕುಡಿಯುವವನಿಗೆ ಅದು ವರ್ಷಕ್ಕೊಂದು ದಿನದ ಹಬ್ಬ ಇರಬಹುದು.

ಯುದ್ಧ ಮುಗಿಯುವ ಮೊದಲೇ ಪೆಟ್ಟಿಗೆಗಳು ಖಾಲಿಯಾದವು. ಆಮೇಲೆ ಸಾರಿನ ಜೊತೆ ಏನು ಕೊಡುವುದು ಎಂದು ತಲೆ ಕೆಡಿಸಿಕೊಂಡೆವು. ಎಲೆನಮ್ಮ ಪನ್ನೇರಳೆಯನ್ನು ಕೊಳೆಹಾಕಿ ವೈನು ಮಾಡಲು ಹೋದ ಜಾಡಿ ಉಗ್ರಾಣದಲ್ಲಿ ಸಿಡಿದು, ಗೋಡೆಯೆಲ್ಲ ಇರುವೆ ಮುತ್ತಿ, ಆ ಕೋಣೆಯನ್ನೇ ಬಿಟ್ಟುಕೊಡಬೇಕಾಯಿತು. ಕೊನೆಗೆ ಎಳನೀರಿಗೆ ನಿಂಬೆ ಹಿಂಡಿ, ಒಂದು ಚೂರು ಬೆಲ್ಲ ಕದಡಿ, ಬಾವಿಯಲ್ಲಿ ತಣಿಸಿ ಕೊಟ್ಟೆವು. ಮದ್ದೂರಿನಲ್ಲಿ ಎಳನೀರಿಗೆ ಏನು ಬರ? ಬಂದವರು ಅದನ್ನೂ ಕುಡಿದು, ಸಾರು ಬಡಿಸಿಕೊಂಡು ಹೋದರು.

ಸ್ವಾತಂತ್ರ್ಯ ಬಂದ ವರ್ಷ, ಊರಲ್ಲೆಲ್ಲ ಬಾವುಟ, ಮೆರವಣಿಗೆ. ಎಲೆನಮ್ಮನನ್ನು ಎಲ್ಲರೂ ಕೇಳುತ್ತಿದ್ದದ್ದು ಒಂದೇ: ನೀವು ಯಾವಾಗ ಹೊರಡುವುದು? ಹಾಗೆ ಕೇಳಿದವರನ್ನೆಲ್ಲ ಅವರು ತಿರುಗಿ ಕೇಳುತ್ತಿದ್ದರು, "ನಾನ್ ಒಂಟೋದ್ರೆ ನಿಮ್ಗೆ ಊಟಕ್ ಇಕ್ಕೋರ್ ಯಾರ್ಲಾ" ಎಂದು. ಆ ವರ್ಷದ ಕೊನೆಗೆ ಬೆಂಗಳೂರಿನಿಂದ ಒಂದು ಪೆಟ್ಟಿಗೆ ಬಂತು. ಆಸ್ಟ್ರೇಲಿಯಾದ ರೀಸ್ಲಿಂಗ್, ತುಸು ಸಿಹಿಯದು, ಅಗ್ಗದ್ದೇ. ಅಂದು ಎಲೆನಮ್ಮ ಬಂಗಲೆಯ ಮುಂದೆ, ಹೊರಗಿನ ಯಾರಿಗೂ ಊಟವಿಲ್ಲ ಎಂದು ಬೋರ್ಡು ಹಾಕಿಸಿದರು. ಮಧ್ಯಾಹ್ನ ನನ್ನನ್ನೂ ಸಾಕಮ್ಮನನ್ನೂ ಆರೋಗ್ಯಂನನ್ನೂ ಊಟದ ಹಾಲಿಗೆ ಕರೆದು, ಬಿಳಿ ಬಟ್ಟೆ ಹಾಸಿದ ಮೇಜಿಗೆ ಕುಳಿತುಕೊಳ್ಳಿ ಎಂದರು. ಆ ಕುರ್ಚಿಗಳನ್ನು ನಾನು ಸಾವಿರ ಸಲ ಒರೆಸಿದ್ದೆ, ಕೂತಿರಲಿಲ್ಲ. ತುದಿಯಲ್ಲಿ ಕೂತೆ. ಆರೋಗ್ಯಂ ಎರಡು ಸಲ ಎದ್ದು ನಿಂತ, ಎರಡು ಸಲವೂ ಎಲೆನಮ್ಮ ಹೆಗಲು ಹಿಡಿದು ಕೂರಿಸಿದರು. ಸಾರು, ಮುದ್ದೆ ಬಡಿಸಿದ್ದೂ ಅವರೇ. ಎಲ್ಲರ ಗ್ಲಾಸಿಗೂ ಸುರಿದು ತಾವೂ ಕೂತರು.

ನಾನು ಮೂಸಿ ನೋಡಿದೆ. ಸಿಪ್ಪೆ ಬಿಡಿಸಿದ ಗಜನಿಂಬೆ, ಮೇಲೆ ಒಂದು ಹೂವಿನ ಘಮ. ಜರ್ಮನಿಯದಕ್ಕಿಂತ ಒರಟು, ಆದರೆ ಬಿಸಿಲು ಕಂಡ ಹಣ್ಣಿನ ಗೆಲುವು ಅದರಲ್ಲಿತ್ತು. ನಾನೂ ಎಲೆನಮ್ಮನೂ ಅದರ ಹುಳಿ ಸಾಕೇ, ಇನ್ನೂ ಬೇಕಿತ್ತೇ ಎಂದು ವಾದಕ್ಕೆ ಬಿದ್ದಿದ್ದಾಗ, ಸಾಕಮ್ಮ ತನ್ನ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮನೆಯೊಳಗೆ ಬಾಟಲಿ ಬರಕೂಡದು ಎಂದಲ್ಲವೇ ಅಪ್ಪ ಹೇಳಿದ್ದು, ಇದು ಬಂಗಲೆ ತಾನೇ ಎಂದು ನನ್ನನ್ನು ಕೇಳಿದಳು. ಬಂಗಲೆಯೇ ಎಂದೆ. ಇಷ್ಟು ವರ್ಷ ಅದರ ಜೋಡಿಯನ್ನು ಬೇಯಿಸಿ ಕೊಟ್ಟವಳು ಮೊದಲನೆಯ ಸಲ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಒಂದು ತುತ್ತು ಸಾರು ಮುದ್ದೆ ನುಂಗಿದಳು. ಮತ್ತೆ ಒಂದು ಗುಟುಕು. ನಾವು ಮೂವರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಚೆಂದಾಕೈತೆ," ಎಂದಳು. "ಆದ್ರೆ ನನ್ ಸಾರಿಲ್ದಿದ್ರೆ ಇದ್ನ ಯಾರ್ ಕೇಳೋರು?"

"ಯಾರೂ ಕೇಳ್ತಿರ್ನಿಲ್ಲ ಕಣಮ್ಮ," ಎಂದು ಎಲೆನಮ್ಮ ಎದ್ದು, ಬಾಟಲಿ ತೆಗೆದುಕೊಂಡು, ಸಾಕಮ್ಮನ ಗ್ಲಾಸನ್ನು ಎಲ್ಲರಿಗಿಂತ ಮೊದಲು ತುಂಬಿದರು.